ಮೈರಸ ಕದ್ದ ಮಾಂತ್ರಿಕ

ಬಹಳ ಕಾಲದ ಹಿಂದೆ, ಮೂಡಣ ದಿಕ್ಕಿನ ಚೀನ ದೇಶದಲ್ಲಿ, ಚಿಂಗ್‌ಹೆ ಎಂಬ ಒಂದು ರಾಜ್ಯವಿತ್ತು. ರಾಜ್ಯದ ನಡುವೆ ದೊಡ್ಡ ಹೊಳೆ ಹರಿಯುತ್ತಿತ್ತು. ಬಾವಿಗಳಲ್ಲಿ ಕೈಗೆ ಸಿಗುವ ಹಾಗೆ ನೀರು. ಆ ರಾಜ್ಯದ ಜನರಿಗೆ ನೀರಿನ ಬರವೆಂದರೆ ಏನೆಂದೇ ಗೊತ್ತಿರಲಿಲ್ಲ.

ಒಂದು ಶರತ್ಕಾಲದಲ್ಲಿ ಪಡುವಣ ಮರಳುಗಾಡಿನಿಂದ ಗಾಳಿ ಬೀಸತೊಡಗಿತು. ಬೀಸಿತು, ಬೀಸಿತು, ನಿಲ್ಲಲೇ ಇಲ್ಲ. ಹೊಳೆ ಒಣಗಲಿಲ್ಲ, ಜನ ಒಣಗಿದರು. ಕೊಡಗಟ್ಟಲೆ ನೀರು ಕುಡಿದರೂ ಬಾಯಾರಿಕೆ ತೀರದು. ತುಟಿ ಒಡೆಯಿತು, ನಾಲಿಗೆ ಕೆಂಪಾಗಿ ಬಿರಿಯಿತು, ಚರ್ಮ ಹೊಟ್ಟಿನಂತೆ ಉದುರಿತು. ಮನೆಮನೆಯಲ್ಲೂ ಒಣಕೆಮ್ಮು. ಮುದುಕರು ಸತ್ತರು, ಕೂಸುಗಳು ಸತ್ತವು. ಹೆಣದ ಮುಂದೆ ಕುಳಿತವರು ಬಾಯಿ ತೆರೆದು ಅಳುತ್ತಿದ್ದರು. ಕಣ್ಣಲ್ಲಿ ಮಾತ್ರ ಒಂದು ಹನಿಯೂ ಬರುತ್ತಿರಲಿಲ್ಲ.

ಅರಮನೆಯಲ್ಲಿ ಮೂರು ತಿಂಗಳ ರಾಜಕುಮಾರನಿದ್ದ. ರಾಣಿಯ ಮೈಯಲ್ಲಿ ಶಕ್ತಿಯಿರಲಿಲ್ಲ, ಎದೆಯಲ್ಲಿ ಹಾಲಿರಲಿಲ್ಲ. ಅವನಿಗೆ ಹಾಲೂಡಿಸುತ್ತಿದ್ದವಳು ಶುಫೆನ್ ಎಂಬ ದಾದಿ. ಅರಮನೆಯ ತೋಟದ ಮಾಲಿ ಬೋಲಿನ್ ಅವಳ ಗಂಡ. ಅವರಿಗೂ ಐದು ತಿಂಗಳ ಮಗಳಿದ್ದಳು. ಶುಫೆನ್‌ಳ ಹಾಲು ಎರಡು ಕೂಸುಗಳಿಗೂ ಸಾಕಾಗುತ್ತಿತ್ತು. ಗಾಳಿ ಬೀಸಿದ ಮೇಲೆ ಒಂದು ಕೂಸಿಗೆ ಆಗುವಷ್ಟೇ ಉಳಿಯಿತು.

ರಾಜಕುಮಾರನ ನೆತ್ತಿ ಗುಳಿಬಿದ್ದಿತ್ತು. ತನ್ನ ಮಗಳು ಗಟ್ಟಿಗಿತ್ತಿ, ಇನ್ನೆರಡು ದಿನ ತಡೆದುಕೊಳ್ಳುತ್ತಾಳೆ ಎಂದುಕೊಂಡು ಶುಫೆನ್ ಅವನನ್ನೇ ಮೊದಲು ಎತ್ತಿಕೊಂಡಳು. ಹಾಗೆ ಮಾಡೆಂದು ರಾಜನೂ ಹೇಳಲಿಲ್ಲ, ರಾಣಿಯೂ ಹೇಳಲಿಲ್ಲ. ಒಂಬತ್ತನೆಯ ದಿನ ಅವಳ ಮಗಳು ಸತ್ತಳು. ಹತ್ತನೆಯ ದಿನ ಉಳಿದಿದ್ದ ಹಾಲೂ ನಿಂತಿತು.

ರಾಜವೈದ್ಯ ತಾಂಗ್ ಬಂದು ಅವಳ ನಾಡಿ ಹಿಡಿದ. ನಾಲಿಗೆ ನೋಡಿದ.

"ನಾಡಿ ನೂಲೆಳೆಯ ಹಾಗಾಗಿದೆ, ತಾಯಿ," ಎಂದ. "ಕುಡಿದ ನೀರೇ ಬೇರೆ, ಮೈಯ ರಸವೇ ಬೇರೆ. ನೀರು ಹೊಟ್ಟೆಯಲ್ಲಿ ಹದವಾಗಬೇಕು, ಹಬೆಯಾಗಿ ಎದೆಗೇರಬೇಕು, ಅಲ್ಲಿಂದ ಇಬ್ಬನಿಯ ಹಾಗೆ ಮೈತುಂಬ ಇಳಿಯಬೇಕು. ಅದೇ ಬೆವರು, ಅದೇ ಜೊಲ್ಲು, ಅದೇ ಕಣ್ಣೀರು. ಈಗ ಇಬ್ಬನಿ ಇಳಿಯುವ ಮೊದಲೇ ಯಾರೋ ಅದನ್ನು ಹೀರುತ್ತಿದ್ದಾರೆ."

"ಯಾರು?"

"ಮರಳುಗಾಡಿನಲ್ಲಿ ಖುಫೆಂಗ್ ಎಂಬ ಮಾಂತ್ರಿಕನಿದ್ದಾನೆ. ಅವನ ಹತ್ತಿರ ಒಂದು ಸೋರೆಬುರುಡೆ ಇದೆ. ನಮ್ಮೆಲ್ಲರ ರಸ ಅದರೊಳಗೆ ಸೇರುತ್ತಿದೆ. ಎರಡು ಸಲ ಸೈನಿಕರು ಹೋದರು. ದಾರಿಯಲ್ಲೇ ಒಣಗಿ ಬಿದ್ದರು."

"ಈ ಅರಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಉಂಡವಳು ನಾನು. ಹಾಲಿಗಾಗಿ ದಿನಕ್ಕೆ ಐದು ಸಲ ಗಂಜಿ ಕೊಟ್ಟಿದ್ದೀರಿ. ನನ್ನ ಕಾಲು ಇನ್ನೂ ನಡೆಯುತ್ತದೆ. ನಾನು ಹೋಗುತ್ತೇನೆ."

ತಾಂಗ್ ಬೇಡವೆನ್ನಲಿಲ್ಲ. ಮರಸೇಬಿನ ರಸ, ಬಿಳಿ ಲಿಲ್ಲಿಯ ಗೆಡ್ಡೆ, ಕಲ್ಲುಸಕ್ಕರೆ ಕುದಿಸಿ ಲೇಹ್ಯ ಮಾಡಿದ. ಒಂದು ಚಿಪ್ಪಿನಷ್ಟನ್ನು ಅವಳ ಸೆರಗಿಗೆ ಕಟ್ಟಿದ. ಉಳಿದದ್ದನ್ನು ರಾಜಕುಮಾರನಿಗೆ ಇಟ್ಟುಕೊಂಡ.

"ಇದರಿಂದ ಕೂಸನ್ನು ಹದಿನೈದು ದಿನ ಉಳಿಸುತ್ತೇನೆ. ಹದಿನಾರನೆಯ ದಿನ ನನ್ನ ಕೈಯಲ್ಲಿಲ್ಲ."

ಬೋಲಿನ್ ಹಾಸಿಗೆ ಬಿಟ್ಟು ಏಳಲಾರದಷ್ಟು ಸೊರಗಿದ್ದ. "ಹೋಗಿ ಬಾ," ಎಂದಷ್ಟೇ ಹೇಳಿ ಗೋಡೆಯ ಕಡೆ ತಿರುಗಿದ.

ಏಳು ದಿನ ನಡೆದ ಮೇಲೆ ಮರಳುಗಾಡು ಬಂತು. ಅದರ ಬಾಗಿಲಲ್ಲಿ ತಾಮ್ರದ ಒಂಟೆ ನಿಂತಿತ್ತು.

"ಒಂದು ಹನಿ ಬೆವರು ಕೊಡು, ದಾರಿ ಬಿಡುತ್ತೇನೆ," ಎಂದಿತು ಒಂಟೆ.

ಶುಫೆನ್ ಲೇಹ್ಯವನ್ನೆಲ್ಲ ನೆಕ್ಕಿದಳು. ದೊಡ್ಡ ಕಲ್ಲೊಂದನ್ನು ಬೆನ್ನಿಗೆ ಕಟ್ಟಿಕೊಂಡು ಮರಳುದಿಬ್ಬ ಹತ್ತಿದಳು. ಇಳಿದು ಮತ್ತೆ ಹತ್ತಿದಳು. ಮೂರನೆಯ ಸಲ ಕಿವಿಯ ಪಕ್ಕ ಒಂದು ಹನಿ ಮೂಡಿತು. ಒಂಟೆ ಅದನ್ನು ನೆಕ್ಕಿ ಪಕ್ಕಕ್ಕೆ ಸರಿಯಿತು.

ಮುಂದೆ ದಾರಿಗೆ ಅಡ್ಡಲಾಗಿ ಉಪ್ಪಿನ ಹಾವು ಮಲಗಿತ್ತು.

"ಬಾಯಿನೀರು ಉಗುಳು, ದಾರಿ ಬಿಡುತ್ತೇನೆ," ಎಂದಿತು ಹಾವು.

ಲೇಹ್ಯ ಮುಗಿದಿತ್ತು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಶುಫೆನ್ ಕಣ್ಣು ಮುಚ್ಚಿದಳು. ಬಸುರಿಯಾಗಿದ್ದಾಗ ಅವಳಿಗೆ ಎಳೆಯ ಹುಳಿ ಪ್ಲಮ್ ಕಾಯಿಯ ಬಯಕೆಯಾಗಿತ್ತು. ಬೋಲಿನ್ ಮರ ಹತ್ತಿ, ಅಂಗಿ ಹರಿದುಕೊಂಡು, ಕಾಯಿ ಇಳಿಸಿ ತಂದಿದ್ದ. ಅವಳು ಉಪ್ಪು ಹಚ್ಚಿ ಕಚಕಚ ತಿಂದಿದ್ದಳು. ಅವನು ಎದುರಿಗೆ ಕುಳಿತು, ತನ್ನ ಹಲ್ಲೇ ಜುಮ್ಮೆನ್ನುತ್ತದೆ ಎಂದು ಮುಖ ಕಿವುಚಿದ್ದ. ಅದನ್ನು ನೆನೆಯುತ್ತ ನೆನೆಯುತ್ತ ಅವಳ ಬಾಯಲ್ಲಿ ನೀರೂರಿತು. ಹಾವಿನ ಮೇಲೆ ಉಗುಳಿದಳು. ಉಗುಳು ಬಿದ್ದಲ್ಲಿ ಉಪ್ಪು ಕರಗಿತು, ದಾರಿ ತೆರೆಯಿತು.

ಮಾಂತ್ರಿಕನ ಮನೆಯ ಹೊಸ್ತಿಲಲ್ಲಿ ಒಂದು ಹೆಣ್ಣುತೋಳ ಮಲಗಿತ್ತು. ಅದರ ಕೊರಳಲ್ಲಿ ಮಾಯೆಯ ಸರಪಳಿ. ಹೊಟ್ಟೆಯ ಬಳಿ ಒಂದೇ ಒಂದು ಮರಿ.

"ಕಣ್ಣೀರು ಕೊಡು, ಒಳಗೆ ಬಿಡುತ್ತೇನೆ," ಎಂದಿತು ತೋಳ.

"ನನ್ನ ಹತ್ತಿರ ಇಲ್ಲ," ಎಂದಳು ಶುಫೆನ್. "ಹೆತ್ತ ಮಗಳನ್ನು ಮಣ್ಣಿಗಿಟ್ಟೆ. ಆವತ್ತೇ ಬರಲಿಲ್ಲ. ಇವತ್ತು ನೀನು ಕೇಳಿದರೆ ಬರುತ್ತದೆಯೇ?"

"ಹಾಗಾದರೆ ಹಿಂದಕ್ಕೆ ಹೋಗು."

ಅವಳು ಹೋಗಲಿಲ್ಲ. ಹೋಗುವ ಶಕ್ತಿಯೂ ಇರಲಿಲ್ಲ. ಅಲ್ಲೇ ಕುಸಿದು ಕುಳಿತಳು. ಆಗ ತೋಳದ ಮರಿ ತಾಯಿಯ ಬತ್ತಿದ ಮೊಲೆಯನ್ನು ಚೀಪಿ, ಏನೂ ಸಿಗದೆ, ಸಣ್ಣಗೆ ಕುಂಯ್‌ಗುಟ್ಟಿತು. ಮತ್ತೊಮ್ಮೆ ಕುಂಯ್‌ಗುಟ್ಟಿತು. ಶುಫೆನ್‌ಳ ಎದೆ ಚುರ್ ಎಂದಿತು. ನೋಡಿದರೆ ಕುಪ್ಪಸ ಒದ್ದೆಯಾಗಿತ್ತು. ನಿಂತೇಹೋಗಿದ್ದ ಹಾಲು ಇಳಿದಿತ್ತು.

ಅವಳು ಬಾಗಿಲು, ಮಾಂತ್ರಿಕ ಎಲ್ಲವನ್ನೂ ಮರೆತಳು. ಮರಿಯನ್ನು ಎತ್ತಿ ಎದೆಗೆ ಹಾಕಿಕೊಂಡಳು. ಅದು ಗಟಗಟ ಕುಡಿಯಿತು. ಮೂಳೆಯ ಸಂದುಗಳಲ್ಲಿ ಅಡಗಿದ್ದ ಕಡೆಯ ರಸವೇ ಹಾಲಾಗಿ ಇಳಿದಿತ್ತು. ಮರಿ ಕುಡಿದು ಮುಗಿಸುವಷ್ಟರಲ್ಲಿ ಅವಳ ಎರಡು ಮಂಡಿಗಳೂ ಮರದ ತುಂಡಿನಂತೆ ಸೆಟೆದುಕೊಂಡವು.

"ನಾನು ಕೇಳಿದ್ದು ಇದನ್ನಲ್ಲ," ಎಂದಿತು ತೋಳ.

"ಗೊತ್ತು. ನನ್ನಲ್ಲಿದ್ದದ್ದು ಇದೊಂದೇ."

ತೋಳ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಹೊಸ್ತಿಲು ಬಿಟ್ಟು ಎದ್ದಿತು.

ಶುಫೆನ್ ಗೋಡೆ ಹಿಡಿದು ಒಳಗೆ ಹೋದಳು. ಖುಫೆಂಗ್‌ನಿಗೆ ಮುನ್ನೂರು ವರ್ಷ. ಆದರೂ ಕೆನ್ನೆ ಹುಡುಗನದು, ತುಟಿ ತೇವ, ಕಣ್ಣು ಫಳಫಳ. ಸೋರೆಬುರುಡೆ ಕಂಬಕ್ಕೆ ತೂಗುತ್ತಿತ್ತು.

"ಇಷ್ಟು ದೂರ ಬಂದಿದ್ದೀಯ," ಎಂದ ಅವನು ಮೆಲ್ಲಗೆ. "ಬರಿಗೈಯಲ್ಲಿ ಕಳಿಸುವುದಿಲ್ಲ. ನಿನ್ನ ಮಗಳ ಪಾಲೂ ಈ ಬುರುಡೆಯಲ್ಲಿದೆ. ಅದನ್ನು ಬೇರೆ ತೆಗೆದು ಕೊಡುತ್ತೇನೆ. ಒಂದು ಹನಿ. ಎಂದೂ ಆರದು. ಅಂಗೈಯಲ್ಲಿ ಹಿಡಿದರೆ ಕೂಸಿನ ಮೈಯ ಹಾಗೆ ಬೆಚ್ಚಗಿರುತ್ತದೆ. ತೆಗೆದುಕೊಂಡು ಹೋಗು."

ಶುಫೆನ್ ಬುರುಡೆಯನ್ನೇ ನೋಡಿದಳು.

"ಬುರುಡೆ ಒಡೆದರೆ?"

"ಬದುಕಿರುವವರ ರಸ ಅವರವರ ಮೈಗೆ ಹೋಗುತ್ತದೆ. ನಿನ್ನ ಮಗಳಿಗೆ ಹೋಗಲು ಮೈಯಿಲ್ಲ. ಅವಳದ್ದು ಮರಳಿಗೆ ಹೋಗುತ್ತದೆ. ಯೋಚನೆ ಮಾಡು."

ಅವಳು ಕೈ ಚಾಚಿದಳು. ಒಪ್ಪಿದಳೆಂದುಕೊಂಡು ಅವನು ಹನಿ ತೆಗೆದುಕೊಡಲು ಬುರುಡೆಯನ್ನು ಇಳಿಸಿ ಮುಂದೆ ಹಿಡಿದ. ಶುಫೆನ್ ಅದನ್ನು ಕಸಿದುಕೊಂಡು, ಒಮ್ಮೆ ಕೆನ್ನೆಗೊತ್ತಿಕೊಂಡು, ಕಲ್ಲಿನ ಕಂಬಕ್ಕೆ ಅಪ್ಪಳಿಸಿದಳು.

ಬುರುಡೆ ಒಡೆಯಿತು. ಗಾಳಿ ನಿಂತಿತು. ಬಿಳಿಯ ಮಂಜು ಮೇಲೆದ್ದು ಚಿಂಗ್‌ಹೆಯ ಕಡೆ ಸಾಗಿತು. ಖುಫೆಂಗ್‌ನ ಕೆನ್ನೆ ಸುಕ್ಕಾಯಿತು, ತುಟಿ ಬಿರಿಯಿತು, ಅವನು ಒಣ ಎಲೆಯಂತೆ ಸುರುಳಿಸುತ್ತಿ ಪುಡಿಯಾಗಿ ಉದುರಿದ. ಹೊಸ್ತಿಲಾಚೆ ತೋಳದ ಸರಪಳಿ ಕಳಚಿ ಬಿತ್ತು. ಬುರುಡೆಯ ಚೂರುಗಳ ನಡುವೆ, ಮಂಜಿನ ಜೊತೆ ಹೋಗದೆ, ಒಂದು ಹನಿ ಉಳಿದಿತ್ತು. ಶುಫೆನ್ ಬೆರಳು ತಾಕಿಸುವ ಮೊದಲೇ ಅದು ಮರಳಿನಲ್ಲಿ ಇಂಗಿತು.

ಆಗ ಅವಳಿಗೆ ಕಣ್ಣೀರು ಬಂತು. ಇಂಗಿದ ಜಾಗದ ಮೇಲೆ ಮುಖವಿಟ್ಟು ಅತ್ತಳು. ಹೊತ್ತು ಮುಳುಗುವವರೆಗೂ ಅತ್ತಳು.

ಹಿಂತಿರುಗುವಾಗ ತೋಳ ಅವಳನ್ನು ಬೆನ್ನ ಮೇಲೆ ಹೊತ್ತು ತಂದು ಊರ ಗಡಿಯಲ್ಲಿ ಇಳಿಸಿತು. ಅದು ಹದಿನೈದನೆಯ ದಿನ. ಊರೊಳಗೆ ಕಾಲಿಟ್ಟರೆ ಬೀದಿಬೀದಿಯಲ್ಲೂ ಅಳು. ಜನರ ಬಾಯಿಗೆ ತೇವ ಬಂದಿತ್ತು, ಮೈಗೆ ಬೆವರು ಬಂದಿತ್ತು. ಇಷ್ಟು ದಿನ ಅಳಲಾಗದವರೆಲ್ಲ ಈಗ ತಮ್ಮ ತಮ್ಮ ಸತ್ತವರಿಗಾಗಿ ಕಣ್ಣೀರು ಹಾಕುತ್ತಿದ್ದರು. ಬೋಲಿನ್ ಎದ್ದು ಬಾಗಿಲಿಗೆ ಬಂದಿದ್ದ. ಅವನ ಗಡ್ಡವೆಲ್ಲ ಒದ್ದೆಯಾಗಿತ್ತು.

ಇಬ್ಬರೂ ಅರಮನೆಗೆ ಹೋದರು. ರಾಜಕುಮಾರ ಬದುಕಿದ್ದ. ಶುಫೆನ್ ಅವನನ್ನು ಎತ್ತಿಕೊಂಡಳು, ಅವನು ಕುಡಿದ. ರಾಣಿ ಬಂದು ಅವಳ ಸೆಟೆದ ಕಾಲುಗಳ ಬಳಿ ನೆಲದ ಮೇಲೆ ಕುಳಿತಳು.

"ಶುಫೆನ್, ನಿನ್ನ ಮಗಳ ಹೆಸರೇ ನನಗೆ ಗೊತ್ತಿಲ್ಲ. ನಾನು ಕೇಳಲೇ ಇಲ್ಲ," ಎಂದಳು.

"ಮಿಯಾನ್, ಮಹಾರಾಣಿ. ಹತ್ತಿಯ ಹಾಗೆ ಮೆತ್ತಗಿದ್ದಳು."

"ಮಿಯಾನ್," ಎಂದಳು ರಾಣಿ. ಮತ್ತೊಮ್ಮೆ, "ಮಿಯಾನ್," ಎಂದಳು.

ಆಮೇಲೆ ಆ ನಾಡಿನ ಮೇಲೆ ಅಂಥ ಗಾಳಿ ಬೀಸಲಿಲ್ಲ. ರಾಜಕುಮಾರ ದೊಡ್ಡವನಾದ, ರಾಜನಾದ. ಶುಫೆನ್‌ಳ ಮಂಡಿ ಮಾತ್ರ, ಮರಿಗೆ ಕೊಟ್ಟ ರಸ ಮರಳಿ ಬಾರದೆ, ಸರಿಹೋಗಲಿಲ್ಲ, ಕೋಲೂರಿಯೇ ನಡೆದಳು. ಅವಳಿಗೆ ಮತ್ತೆ ಇಬ್ಬರು ಮಕ್ಕಳಾದರು. ಯಾರಾದರೂ ಕೇಳಿದರೆ, "ನನಗೆ ಮೂವರು," ಎನ್ನುತ್ತಿದ್ದಳು. ಚಿಂಗ್‌ಹೆಯ ಜನರೆಲ್ಲ ತುಂಬ ವರ್ಷ ಸುಖವಾಗಿ ಬಾಳಿದರು. ಅವಳೂ ತನ್ನಿಂದಾದಷ್ಟು ಸುಖವಾಗಿ ಬಾಳಿದಳು.