ಪರದೆಗೆ ಬಾರದ ದೋಣಿ

ಉಚ್ಚಂಗಮ್ಮ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದರು. "ನನ್ನ ಮಗ ಒಬ್ಬರ ಜೀವ ತೆಗ್ದಿದಾನಂತೆ ಮೇಡಂ. ಕೇಳಿದ್ರೆ ಅವನೂ ಹೌದು ಅಂತಾನೆ. ನಂಗೆ ನಂಬಿಕೆ ಇಲ್ಲ. ನೀವೊಂದ್ಸಲ ನೋಡಿ."

ಅಮೂಲ್ಯಕ್ಕ ಕುರ್ಚಿ ಎಳೆದು ಕೊಟ್ಟರು. ಅವರು ವರ್ಷಗಟ್ಟಲೆ ಹಡಗುಗಳಲ್ಲಿ ರೇಡಾರ್ ನೋಡಿ, ಆ ಕೆಲಸ ಬಿಟ್ಟು ಶಿವಮೊಗ್ಗಕ್ಕೆ ಬಂದವರು. ದುರ್ಗಿಗುಡಿಯಲ್ಲಿ ಕೆಳಗೆ ನನ್ನ ಮೊಬೈಲ್ ರಿಪೇರಿ ಅಂಗಡಿ, ಮೇಲೆ ಅವರ ಮನೆ. ಬೇರೆ ಯಾರೂ ಕಿವಿಗೆ ಹಾಕಿಕೊಳ್ಳದ ಪ್ರಕರಣಗಳನ್ನು ಜನ ಅವರ ಬಳಿ ತರುತ್ತಿದ್ದರು. ನಾನು ಅವರಿಗೆ ಬೈಕ್ ಓಡಿಸುತ್ತಿದ್ದೆ, ಅವರ ಪಾಲಿನ ಸಿಟ್ಟನ್ನೂ ನಾನೇ ಮಾಡುತ್ತಿದ್ದೆ.

ಉಚ್ಚಂಗಮ್ಮ ಹೇಳಿದ್ದು ಇಷ್ಟು. ಮಲವಗೊಪ್ಪ ದಾಟಿ ಭದ್ರಾವತಿ ರಸ್ತೆಯ ಒಂದು ಶೆಡ್ಡಿನಲ್ಲಿ, ಕಡಲಿನ ಸಣ್ಣ ದೋಣಿಗಳನ್ನು ರೇಡಾರ್‌ನಿಂದ ಪತ್ತೆಹಚ್ಚುವ ಯಂತ್ರ ತಯಾರಾಗುತ್ತಿತ್ತು. ಮಾಲೀಕ ಧರ್ಮೇಂದ್ರ. ಲೆಕ್ಕಾಚಾರದ ಪ್ರೋಗ್ರಾಂ ಬರೆದವನು ಇಂಜಿನಿಯರ್ ಅತುಲ್. ಜೋಡಿಸುವ ಕೆಲಸ ಅವರ ಮಗ ಸುನಿಲನದು. ಮೂವರೂ ಕರಾವಳಿಗೆ ಹೋಗಿ, ಬಾಡಿಗೆ ಬೋಟಿನ ಕೋಣೆಯೊಳಗೆ ಯಂತ್ರ ಇಟ್ಟು, ನೀರಿಗೆ ಪ್ಲಾಸ್ಟಿಕ್ ಡ್ರಮ್‌ಗಳನ್ನು ಎಸೆದು ಪರೀಕ್ಷೆ ಮಾಡಿದ್ದರು. ಆಮೇಲೆ ಮಬ್ಬುಗತ್ತಲಲ್ಲಿ, ಪರದೆಯ ಮುಂದೆ ಕೂತ ಸುನಿಲ ಬೋಟ್ ನಡೆಸುವವನಿಗೆ ದಾರಿ ಖಾಲಿ ಎಂದು ಕೂಗಿದ. ಬೋಟ್ ವೇಗ ಹಿಡಿಯಿತು, ಮರದ ದೋಣಿಯೊಂದಕ್ಕೆ ಬಡಿಯಿತು. ಅದರಲ್ಲಿದ್ದ ಮೀನುಗಾರ ಬದುಕಲಿಲ್ಲ. ಸುನಿಲ ತೂಕಡಿಸುತ್ತಿದ್ದ ಎಂದು ಧರ್ಮೇಂದ್ರ ಹೇಳಿಕೆ ಕೊಟ್ಟಿದ್ದ. ಕರಾವಳಿಯ ಪೊಲೀಸರು ಸುನಿಲನನ್ನು ಕರೆದೊಯ್ಯಲು ಮರುದಿನ ಬರುವವರಿದ್ದರು.

ಭದ್ರಾವತಿಯ ಅವರ ಮನೆಗೆ ಹೋದೆವು. ಸುನಿಲ ಗೋಡೆಗೆ ಒರಗಿ ಕೂತಿದ್ದ, ತಟ್ಟೆಯಲ್ಲಿದ್ದ ಅನ್ನ ಒಣಗಿತ್ತು.

"ನಿದ್ದೆ ಬಂದಿತ್ತಾ?" ಅಕ್ಕ ಕೇಳಿದರು.

"ಇಲ್ಲ ಮೇಡಂ. ಪರದೆ ತೊಳೆದಿಟ್ಟ ತಟ್ಟೆ ತರ ಇತ್ತು. ಮೊದಲು ಎಸೆದ ಡ್ರಮ್‌ಗಳು ಮಾತ್ರ ಕಾಣ್ತಿದ್ವು. ಕೊನೇದು ಬಂದಿಲ್ವಲ್ಲ ಅಂದೆ. ಸ್ವಲ್ಪ ಹೊತ್ತು ಹಿಡಿಯುತ್ತೆ ಅಂತ ಅತುಲ್ ಅಂದ, ಪಾಪ, ಮಲಗಿದ್ದಲ್ಲಿಂದಲೇ. ಖಾಲಿ ಅಂತ ಕೂಗಿದ್ದು ನಾನೇ ತಾನೆ?"

"ಕಡಲು ಹೇಗಿತ್ತು?"

"ನಿಲ್ಲೋಕೆ ಆಗ್ತಿರ್ಲಿಲ್ಲ."

ಬೈಕ್ ಹತ್ತುವಾಗ ಅಕ್ಕ, ಅಷ್ಟು ಒರಟು ಕಡಲಿನಲ್ಲಿ ತೊಳೆದ ತಟ್ಟೆಯಂಥ ಪರದೆ ಇರಲು ಸಾಧ್ಯವಿಲ್ಲ ಎಂದರು.

ಶೆಡ್ಡಿನಲ್ಲಿ ಧರ್ಮೇಂದ್ರ ನಮ್ಮನ್ನು ನಿಲ್ಲಿಸಿಯೇ ಮಾತಾಡಿಸಿದ. ತಾನು ಹೊರಗೆ ವಿಡಿಯೋ ತೆಗೆಯುತ್ತಿದ್ದೆ, ಒಳಗಿನದು ತನಗೆ ಗೊತ್ತಿಲ್ಲ, ಇಂಥವರನ್ನು ಕೆಲಸಕ್ಕೆ ಇಟ್ಟುಕೊಂಡಿದ್ದೇ ತಪ್ಪು ಎಂದ. ನನ್ನ ಮುಷ್ಟಿ ಬಿಗಿಯಿತು. ಅತುಲ್ ಮಾತ್ರ ಮೆಲ್ಲಗೆ ಸುನಿಲನ ಪರವಾಗಿ ಮಾತಾಡಿದ. ಸುನಿಲ ಒಳ್ಳೆಯವನು, ದಣಿದಿದ್ದ. ತನಗೆ ಅಲೆಗಳಿಂದ ವಾಂತಿಯಾಗಿ ಒಳಗೇ ಕಣ್ಣುಮುಚ್ಚಿ ಮಲಗಿದ್ದೆ, ಎದ್ದು ನೋಡಿದ್ದರೆ ಜೀವ ಉಳಿಯುತ್ತಿತ್ತೇನೋ ಎಂದ. ಅವನ ಕಣ್ಣು ಒದ್ದೆಯಾಗಿತ್ತು.

ಅಪಘಾತದ ದಿನದಿಂದ ಯಂತ್ರವನ್ನು ಧರ್ಮೇಂದ್ರ ಬೀರುವಿನಲ್ಲಿಟ್ಟು ಬೀಗ ಹಾಕಿದ್ದ. ಬೇಕಾದರೆ ನೋಡಿಕೊಳ್ಳಿ ಎಂದು ಅದನ್ನೂ ತನ್ನ ಫೋನಿನ ವಿಡಿಯೋವನ್ನೂ ಕೊಟ್ಟ. ಅಕ್ಕ ಮಧ್ಯಾಹ್ನವಿಡೀ ಅದರ ಮುಂದೆ ಕೂತರು. ಧರ್ಮೇಂದ್ರನದೇ ಕೈವಾಡ ಎಂದು ನಾನು ಪಿಸುಗುಟ್ಟಿದೆ.

"ನಿನ್ನ ಸಿಟ್ಟೂ ಅಲೆ ತರಾನೇ ಪುನೀತ," ಎಂದರು. "ಜೋರಾಗಿ ಹೊಳೆಯುತ್ತೆ, ಮುಂದಕ್ಕೆ ಹೋಗಲ್ಲ."

ಸಂಜೆಗೆ ಉಚ್ಚಂಗಮ್ಮ, ಸುನಿಲ ಇಬ್ಬರನ್ನೂ ಕರೆಸಿ, ಎಲ್ಲರನ್ನೂ ಯಂತ್ರದ ಸುತ್ತ ಕೂರಿಸಿದರು.

"ಇದರಲ್ಲಿ ಎರಡು ದಾಖಲೆ ಇವೆ," ಎಂದು ಶುರು ಮಾಡಿದರು. "ರೇಡಾರ್‌ಗೆ ಸಿಕ್ಕಿದ್ದೆಲ್ಲ ಒಂದರಲ್ಲಿ. ಪರದೆಯ ಮೇಲೆ ತೋರಿಸಿದ್ದು ಇನ್ನೊಂದರಲ್ಲಿ. ಮೊದಲನೇದು ನೋಡಿ."

ಪರದೆಯ ತುಂಬ ಸಾಸಿವೆ ಚೆಲ್ಲಿದಂತೆ ಚುಕ್ಕೆಗಳು. ಅಲೆಗೆ ಬಡಿದು ಮರಳಿದ ರೇಡಾರ್ ತರಂಗಗಳಷ್ಟೇ ಅವು ಎಂದರು ಅಕ್ಕ. ರೇಡಾರ್‌ನ ಒಂದೊಂದು ಸುತ್ತಿನ ಚಿತ್ರವನ್ನೂ ಒಂದರ ಮೇಲೊಂದು ಜೋಡಿಸಿದರು. ಅಲೆಯ ಚುಕ್ಕೆಗಳು ಹುಟ್ಟಿದಲ್ಲೇ ಸತ್ತವು. ಒಂದು ಮಾತ್ರ, ಎಲ್ಲಕ್ಕಿಂತ ಮಂಕಾದದ್ದು, ಅಳಿದು ಮೂಡಿ ಅಳಿದು ಮೂಡಿ ಒಂದೇ ದಾರಿಯಲ್ಲಿ ಬೋಟಿನ ಕಡೆಗೆ ಬರುತ್ತಿತ್ತು.

"ಇದು ಆ ದೋಣಿ. ರೇಡಾರ್ ಇದನ್ನ ನೋಡಿತ್ತು, ಪರದೆ ತೋರಿಸಲಿಲ್ಲ. ಎಷ್ಟು ಮಂಕಾದ ಚುಕ್ಕೆಯವರೆಗೆ ತೋರಿಸಬೇಕು ಅನ್ನೋದಕ್ಕೆ ಒಂದು ಮಿತಿ ಇದೆ. ಅದನ್ನ ಯಾರೋ ಏರಿಸಿದಾರೆ. ಅಲೆಗಳ ಜೊತೆ ದೋಣೀನೂ ಅಳಿದೋಯ್ತು."

"ಸುನಿಲನೇ ಏರಿಸಿರ್ಬೇಕು," ಎಂದ ಧರ್ಮೇಂದ್ರ.

"ಕೊನೆಯ ಡ್ರಮ್ಮನ್ನೇ ಕೇಳೋಣ." ಅಕ್ಕ ಎರಡೂ ದಾಖಲೆಗಳನ್ನು ಪಕ್ಕಪಕ್ಕ ಓಡಿಸಿದರು. ಮೊದಲನೆಯದರಲ್ಲಿ ಕೊನೆಯ ಡ್ರಮ್ಮಿನ ಮಂಕು ಚುಕ್ಕೆ ಹುಟ್ಟಿತು. ಅದೇ ಸುತ್ತಿನಲ್ಲಿ, ಪರದೆ ತೋರಿಸಿದ ದಾಖಲೆಯ ಸಾಸಿವೆಯೆಲ್ಲ ಒಮ್ಮೆಲೇ ಮಾಯವಾಯಿತು. ಮೊದಲಿನ ಡ್ರಮ್‌ಗಳು ಉಳಿದವು. ಒಮ್ಮೆ ಹಿಡಿದ ಗುರುತನ್ನು ಯಂತ್ರ ಬೇಗ ಬಿಡುವುದಿಲ್ಲ, ಹೊಸದನ್ನು ಮಾತ್ರ ಒಳಗೆ ಸೇರಿಸುವುದಿಲ್ಲ ಎಂದು ಅಕ್ಕ ವಿವರಿಸಿದರು. "ಅಂದ್ರೆ ಡ್ರಮ್ ನೀರಿಗೆ ಬಿದ್ದ ಗಳಿಗೇಲೇ ಒಂದು ಕೈ ಯಂತ್ರದ ಮೇಲಿತ್ತು."

ಅವರು ವಿಡಿಯೋ ಹಾಕಿದರು. ಬೋಟಿನ ಹಿಂಬದಿಯಲ್ಲಿ ಸುನಿಲ ಎರಡೂ ಕೈಯಲ್ಲಿ ಡ್ರಮ್ ಎತ್ತಿ ಎಸೆಯುತ್ತಿದ್ದ. ಬೇಗ ಎಸಿ ಮಾರಾಯ ಎಂಬ ಧರ್ಮೇಂದ್ರನ ದನಿ ಕ್ಯಾಮೆರಾದ ಹಿಂದಿನಿಂದಲೇ ಬರುತ್ತಿತ್ತು. ಮೇಲಿನ ಅಟ್ಟದಲ್ಲಿ ಬೋಟ್ ನಡೆಸುವವನು ಚುಕ್ಕಾಣಿ ಹಿಡಿದಿದ್ದ.

ಒಳಗೆ ಉಳಿದವನು ಒಬ್ಬನೇ.

"ಕಣ್ಮುಚ್ಚಿ ಮಲಗಿದ್ದವನು, ಪರದೆ ನೋಡದೆ, ಆ ಡ್ರಮ್ ಬರೋಕೆ ಸ್ವಲ್ಪ ಹೊತ್ತು ಹಿಡಿಯುತ್ತೆ ಅಂತ ಹೇಗೆ ಹೇಳಿದೆ ಅತುಲ್?" ಅಕ್ಕನ ದನಿ ಏರಲಿಲ್ಲ.

ಅತುಲ್ ನೆಲ ನೋಡುತ್ತಾ ಮಾತಾಡಿದ. ಅಲೆಗಳನ್ನು ಬೇರ್ಪಡಿಸುವ ಪ್ರೋಗ್ರಾಂ ಕೆಲಸ ಮಾಡುತ್ತಿದೆ ಎಂದು ಅವನು ಮೊದಲೇ ಧರ್ಮೇಂದ್ರನಿಗೆ ಹೇಳಿಬಿಟ್ಟಿದ್ದ. ಮಾಡುತ್ತಿರಲಿಲ್ಲ. ವಿಡಿಯೋ ತೆಗೆಯುತ್ತಾ ಧರ್ಮೇಂದ್ರ ಒಳಗೆ ಬರುವ ಮುಂಚೆ ಪರದೆ ಚೊಕ್ಕಟವಾಗಿ ಕಾಣಲಿ ಎಂದು ಮಿತಿ ಏರಿಸಿದ. ಮತ್ತೆ ಇಳಿಸುವ ಮುಂಚೆಯೇ ಸುನಿಲ ಬಂದು ಕೂತುಬಿಟ್ಟಿದ್ದ. "ಎದ್ದು ಹೇಳೋಕೆ ನಾಚಿಕೆ ಆಯ್ತು."

ಅಷ್ಟೇ. ಒಂದು ನಾಚಿಕೆ, ಒಂದು ಹೆಣ. ನಾನು ಎದ್ದೆ, ಅಕ್ಕನ ಕೈ ನನ್ನ ತೋಳಿನ ಮೇಲೆ ಬಿತ್ತು, ಕೂತೆ. ಹೊಡೆಯಬೇಕೆಂದು ಬೆಳಿಗ್ಗೆಯಿಂದ ನಾನು ಆರಿಸಿಟ್ಟುಕೊಂಡಿದ್ದ ಮುಖ ಇದಾಗಿರಲಿಲ್ಲ.

ಸುನಿಲ ಆ ಮಂಕು ಚುಕ್ಕೆಯನ್ನೇ ನೋಡುತ್ತಿದ್ದ. "ತೀರಿಕೊಂಡವರ ಮನೆಯವರಿಗೆ ನಾನೇ ಅಂತ ಹೇಳಿಬಿಟ್ಟಿದಾರೆ," ಎಂದ.

ಅಕ್ಕ ಕರಾವಳಿಯ ಠಾಣೆಗೆ ಫೋನ್ ಹಚ್ಚಿ ಅತುಲ್‌ನ ಕೈಗೆ ಕೊಟ್ಟರು. ಅವನು ತನ್ನ ಹೆಸರು ಹೇಳಿದ, ಮಾಡಿದ್ದನ್ನು ಹೇಳಿದ. ಸುನಿಲನದು ತಪ್ಪಿಲ್ಲ ಸಾರ್ ಎನ್ನುವಾಗ ಅವನ ದನಿ ಕೇಳಿಸದಷ್ಟು ಸಣ್ಣಗಾಯಿತು.

ಉಚ್ಚಂಗಮ್ಮ ಅವನ ಎದುರಿಗೆ ಬಂದು ನಿಂತರು.

"ಇನ್ನೊಂದ್ಸಲ ಹೇಳಪ್ಪ," ಎಂದರು. "ಗಟ್ಟಿಯಾಗಿ."