ಗಂಧವಿಲ್ಲದ ಶಾಬ್ಲಿ

"ಈ ಬಾಟಲು ಕೆಟ್ಟಿದೆ, ಮೇಡಂ."

ಆ ಗಿರಾಕಿ ದನಿ ಏರಿಸಲಿಲ್ಲ. ಆದರೂ ಕ್ಯಾಂಪ್‌ಬೆಲ್ ಎಂಬ ಊರಿನ ಆ ಪುಟ್ಟ ವೈನ್ ಅಂಗಡಿಗೆ ರುಚಿ ನೋಡುವ ಟೇಸ್ಟಿಂಗಿಗೆಂದು ಬಂದಿದ್ದ ಕನ್ನಡದ ಗೆಳೆಯರ ಗುಂಪು ಗ್ಲಾಸು ಹಿಡಿದಂತೆಯೇ ತಿರುಗಿ ನೋಡಿತು.

ಟೇಸ್ಟಿಂಗು ನಡೆಸುತ್ತಿದ್ದ ತೇಜಸ್ವಿನಿಯ ಮುಖ ಬಿಸಿಯಾಯಿತು. ಫ್ರಾನ್ಸಿನ ಶಾಬ್ಲಿ ಎಂಬ ಊರಿನ ಆ ಬಿಳಿ ವೈನನ್ನು ಅವಳು ಈಗಷ್ಟೇ ಬಾಯ್ತುಂಬ ಹೊಗಳಿದ್ದಳು. ಹಸಿರು ಸೇಬಿನ ಪರಿಮಳ, ನಿಂಬೆಯ ಸಿಪ್ಪೆ, ಒದ್ದೆ ಕಲ್ಲು...

"ನಿಮಗೆ ಇಂಥ ವೈನು ಅಭ್ಯಾಸ ಇಲ್ಲ ಅನ್ಸುತ್ತೆ," ಎಂದಳು.

ಅಂಗಡಿಯ ಒಡತಿ ರಂಜನಿ ಬಂದು ಗ್ಲಾಸನ್ನು ಮೂಗಿಗೆ ಹಿಡಿದರು. ಒಂದು ಕ್ಷಣ ತೇಜಸ್ವಿನಿಯನ್ನೇ ನೋಡಿದರು.

"ಅವರು ಹೇಳಿದ್ದು ಸರಿ. ಕಾರ್ಕು ಹಾಳಾಗಿ ವೈನು ಕೆಟ್ಟಿದೆ. ಒದ್ದೆ ರಟ್ಟಿನ ವಾಸನೆ."

ಬೇರೆ ಬಾಟಲು ಬಂತು. ಮಾತು ಮತ್ತೆ ಶುರುವಾಯಿತು. ತೇಜಸ್ವಿನಿ ಮಾತ್ರ ಸ್ಟೋರ್ ರೂಮಿಗೆ ಹೋಗಿ, ಗೋಡೆಗೆ ಒರಗಿ ನಿಂತಳು.

ಅವಳ ಗುಟ್ಟು ಯಾರಿಗೂ ಗೊತ್ತಿರಲಿಲ್ಲ. ಕಳೆದ ಚಳಿಗಾಲದ ಜ್ವರ ಅವಳ ಮೂಗಿನ ಶಕ್ತಿಯನ್ನು ಪೂರ್ತಿ ಕಸಿದುಕೊಂಡಿತ್ತು. ಬರಬಹುದು, ಬಾರದೆಯೂ ಇರಬಹುದು ಎಂದಿದ್ದರು ಡಾಕ್ಟರು. ಎಂಜಿನಿಯರಿಂಗ್ ಬಿಟ್ಟು, ಮಂಡ್ಯದ ಅಪ್ಪನ ಮುನಿಸು ಕಟ್ಟಿಕೊಂಡು ಕಲಿತ ವಿದ್ಯೆ ಇದು. ಇದೂ ಹೋದರೆ...?

ಹಾಗಾಗಿ ಅವಳು ನೆನಪಿನಿಂದಲೇ ಪರಿಮಳಗಳನ್ನು ಹೇಳುತ್ತಿದ್ದಳು.

ಮರುದಿನ ಆ ಗಿರಾಕಿ ಮತ್ತೆ ಬಂದ. ಹೆಸರು ಯೋಗಾನಂದ. ಹಾಸನದವನು. ಹತ್ತಿರದ ಮೆನ್ಲೋ ಪಾರ್ಕ್ ಊರಿನಲ್ಲಿ ಕಲ್ಲು ಮಣ್ಣಿನ ಅಧ್ಯಯನ ಅವನ ಕೆಲಸ.

"ನಿನ್ನೆ ನಿಮ್ಮ ಹತ್ರ ಮಾತ್ರ ಹೇಳ್ಬೇಕಿತ್ತು. ಎಲ್ಲರ ಮುಂದೆ ಹೇಳ್ಬಿಟ್ಟೆ. ಸಾರಿ."

ರೇಗಬೇಕೆಂದುಕೊಂಡಿದ್ದವಳು ಗ್ಲಾಸೊಂದನ್ನು ಎತ್ತಿಕೊಂಡು ಒರೆಸತೊಡಗಿದಳು.

"ಶಾಬ್ಲಿ ನಿಮಗೆ ಹೇಗೆ ಗೊತ್ತು?" ಎಂದಳು ಕೊನೆಗೆ.

"ಅಲ್ಲಿನ ಸುಣ್ಣಕಲ್ಲು ನೋಡೋಕೆ ಹೋಗಿದ್ದೆ. ಒಂದು ಕಾಲಕ್ಕೆ ಅದೆಲ್ಲ ಸಮುದ್ರ. ದ್ರಾಕ್ಷಿ ತೋಟದಲ್ಲಿ ಒಂದು ಕಲ್ಲು ಎತ್ತಿದ್ರೆ ಅದರ ತುಂಬ ಪುಟ್ಟ ಪುಟ್ಟ ಸಿಂಪಿ ಚಿಪ್ಪು."

ಅವಳು ಅಲ್ಲಿಗೆ ಹೋದವಳಲ್ಲ, ಓದಿದವಳು. ಏಪ್ರಿಲ್ಲಿನ ಹಿಮಕ್ಕೆ ಚಿಗುರು ಸುಡದಿರಲೆಂದು ರೈತರು ಬಳ್ಳಿಗಳ ನಡುವೆ ಸಾಲಾಗಿ ಬೆಂಕಿ ಹಚ್ಚಿಡುವುದನ್ನು ಅವಳು ಹೇಳಿದಳು. ಅವನು ಕೈಕಟ್ಟಿ ನಿಂತು ಕೇಳಿದ.

ಆಮೇಲೆ ಅವನು ವಾರವಾರವೂ ಅಂಗಡಿಗೆ ಬಂದ; ಶನಿವಾರಗಳೆಲ್ಲ ಅವನವೇ ಆದವು. 'ಇವನಿಗಾದರೂ ನಿಜ ಹೇಳಲೇ?' ಎಂದು ಪ್ರತಿ ಸಲ ಅಂದುಕೊಳ್ಳುವಳು. ಪ್ರತಿ ಸಲವೂ ಹೆದರುವಳು.

ಒಂದು ಭಾನುವಾರ ಬೆಳಿಗ್ಗೆ ತಿಂಡಿಗೆ ಅವನನ್ನು ಅಪಾರ್ಟ್‌ಮೆಂಟಿಗೆ ಕರೆದಳು. ಬಾಗಿಲು ತೆರೆದದ್ದೇ ಅವನ ಮುಖ ಬಿಳುಚಿತು. ಒಳಗೆ ನುಗ್ಗಿ ಒಲೆಯ ನಾಬು ತಿರುಗಿಸಿದ, ಕಿಟಕಿಗಳನ್ನು ತೆರೆದ, ಅವಳ ಕೈಹಿಡಿದು ಹೊರಗೆ ಎಳೆತಂದ.

"ಮನೆ ತುಂಬ ಗ್ಯಾಸು... ನಿಮಗೆ ಗೊತ್ತಾಗ್ಲಿಲ್ವಾ?"

ಅವಳು ನೆಲ ನೋಡಿದಳು.

"ತೇಜಸ್ವಿನಿ... ವಾಸನೆ ಬರಲ್ವಾ ನಿಮಗೆ?"

"ಯಾರಿಗೂ ಹೇಳ್ಬೇಡಿ. ನನ್ನ ಕೆಲಸ ಹೋಗುತ್ತೆ."

"ಹೇಳಲ್ಲ," ಎಂದ. ಮತ್ತೆ ಒಳಗೆ ಹೋಗಿ ಒಲೆಯನ್ನು ಇನ್ನೊಮ್ಮೆ ನೋಡಿ ಬಂದ.

ಆ ವಾರವೇ ರಂಜನಿ ಅವಳನ್ನು ಕರೆದರು. "ಇನ್ಮೇಲೆ ಟೇಸ್ಟಿಂಗು ನಾನೇ ನೋಡ್ಕೋತೀನಿ."

ತೇಜಸ್ವಿನಿಗೆ ಒಂದೇ ಅರ್ಥ ಹೊಳೆಯಿತು: ಯೋಗಾನಂದ ಹೇಳಿಬಿಟ್ಟಿದ್ದಾನೆ. ಅಂಗಡಿಯ ಹಿಂದಿನ ಪಾರ್ಕಿಂಗಿನಲ್ಲಿ ನಿಂತು ಅವನಿಗೆ ಫೋನು ಮಾಡಿದಳು.

"ಮಾತು ಕೊಟ್ಟಿದ್ರಿ."

"ನಾನು ಯಾರಿಗೂ ಹೇಳಿಲ್ಲ."

"ನಿಮ್ಮನ್ನ ಬಿಟ್ಟು ಯಾರಿಗೂ ಗೊತ್ತಿರ್ಲಿಲ್ಲ," ಎಂದು ಫೋನಿಟ್ಟಳು.

ಆ ಶನಿವಾರ ಅವನು ಬರಲಿಲ್ಲ. ಒಂದು ಮೆಸೇಜು ಮಾತ್ರ ಬಂತು. 'ಮನೆಗೆ ಗ್ಯಾಸ್ ಅಲಾರಂ ಹಾಕ್ಸಿ, ಪ್ಲೀಸ್.' ಅವಳು ಉತ್ತರಿಸಲಿಲ್ಲ. ಅಲಾರಂ ಹಾಕಿಸಿದಳು. ಹಾಕಿಸುವಾಗ ಅತ್ತಳು.

ಮುಂದಿನ ವಾರ, ಗಿರಾಕಿಗಳಿಲ್ಲದ ಮಧ್ಯಾಹ್ನ, ರಂಜನಿ ಎರಡು ಗ್ಲಾಸಿಗೆ ಶಾಬ್ಲಿ ಸುರಿದರು. "ಕುಡಿ."

"ಏನು ಪ್ರಯೋಜನ? ಯೋಗಾನಂದ ನಿಮಗೆ ಎಲ್ಲಾ ಹೇಳಿದಾರಲ್ಲ."

"ಅವರ್ಯಾಕೆ ಹೇಳ್ತಾರೆ? ನೀನು ಕೆಟ್ಟ ಬಾಟಲು ಹೊಗಳಿದ ದಿನಾನೇ ನನಗೆ ಗೊತ್ತಾಯ್ತು. ನೀನೇ ಬಂದು ಹೇಳ್ತೀಯ ಅಂತ ಕಾದೆ ಕಣೆ."

ತೇಜಸ್ವಿನಿ ಗ್ಲಾಸು ಎತ್ತಿಕೊಂಡಳು. ಒಂದು ಗುಟುಕು ಕುಡಿದಳು. ಪರಿಮಳವಿಲ್ಲ. ಆದರೆ ನಾಲಿಗೆಯ ಅಂಚಿನಲ್ಲಿ ತಣ್ಣನೆಯ, ಚೂಪಾದ ಹುಳಿ ಎದ್ದಿತು. ಇಷ್ಟು ದಿನ ಕಳೆದುಕೊಂಡದ್ದನ್ನೇ ಹುಡುಕುತ್ತ, ಉಳಿದಿದ್ದ ಇದನ್ನು ಅವಳು ಗಮನಿಸಿಯೇ ಇರಲಿಲ್ಲ.

"ಹುಳಿ ಗೊತ್ತಾಗ್ತಿದೆ ರಂಜನಿ..."

"ನಿನ್ನನ್ನ ಕೆಲಸದಿಂದ ತೆಗೆದಿಲ್ಲ. ಮೂಗಿನ ಕೆಲಸ ನನಗಿರ್ಲಿ, ವೈನಿನ ಊರು, ಬಳ್ಳಿ, ಮಣ್ಣಿನ ಮಾತು ನೀನಾಡು. ಮೊದಲು ಹೋಗಿ ಯೋಗಾನಂದ ಅವರ ಹತ್ರ ಮಾತಾಡು."

ಮರುದಿನ ಊಟದ ಹೊತ್ತಿಗೆ ಅವಳು ಕಾರಿನಲ್ಲಿ ಫ್ರೀವೇ ಹಿಡಿದು ಮೆನ್ಲೋ ಪಾರ್ಕಿಗೆ ಹೋದಳು. ಆಫೀಸುಗಳ ಹಿಂದೆ, ಕೊಲ್ಲಿಯ ದಡದಲ್ಲಿ, ತಾನು ಊಟಕ್ಕೆ ಕೂರುವ ಜಾಗವೆಂದು ಎಂದೋ ಹೇಳಿದ್ದ ಬೆಂಚಿನಲ್ಲಿ ಅವನು ಒಬ್ಬನೇ ಕುಳಿತಿದ್ದ. ಅವಳನ್ನು ಕಂಡು ಎದ್ದು ನಿಂತ.

"ನೀವು ಹೇಳಿಲ್ಲ ಅಂತ ಗೊತ್ತಾಯ್ತು," ಎಂದಳು. "ನಾನು ನಿಮ್ಮನ್ನ ನಂಬಬೇಕಿತ್ತು."

"ಬೇಜಾರಾಗಿತ್ತು. ಅದಕ್ಕಿಂತ ಜಾಸ್ತಿ ಭಯ. ನೀವು ಮನೇಲಿ ಒಬ್ರೇ ಇರ್ತೀರಲ್ಲ ಅಂತ."

ಅವಳು ಒಂದು ಹೆಜ್ಜೆ ಹತ್ತಿರ ಬಂದಳು.

"ಇದು ಎಂದೂ ವಾಪಸ್ ಬರ್ದೇ ಇರ್ಬಹುದು, ಯೋಗಾನಂದ. ಹೂವು, ಕಾಫಿ, ನೀವು... ಯಾವುದರ ವಾಸನೇನೂ ನನಗೆ ಸಿಗಲ್ಲ. ಆದ್ರೂ ನೀವು ನನಗೆ ಬೇಕು."

ಅವನು ಅವಳ ಕೈಯನ್ನು ತನ್ನೆರಡೂ ಕೈಗಳಲ್ಲಿ ತೆಗೆದುಕೊಂಡ.

"ನನಗೂ," ಎಂದ. ಅಷ್ಟೇ.

ಇಬ್ಬರೂ ಬೆಂಚಿನ ಮೇಲೆ ಕುಳಿತರು. ಗಾಳಿ ಬೀಸಿತು.

"ಈಗ ಇಲ್ಲಿ ಏನು ವಾಸನೆ?" ಎಂದು ಕೇಳಿದಳು.

"ಚೆನ್ನಾಗಿಲ್ಲ. ನೀರು ಇಳಿದಿದೆ, ಕೆಸರು ನಾರ್ತಿದೆ."

"ಆಮೇಲೆ?"

"ಉಪ್ಪು. ಒಣಗಿದ ಹುಲ್ಲು." ಅವನು ತಡೆದು, ತಲೆ ತುಸು ಬಾಗಿಸಿದ. "ನಿಮ್ಮ ಕೂದಲಲ್ಲಿ ಕೊಬ್ಬರಿ ಎಣ್ಣೆ."

ಅವಳು ಕಣ್ಣು ಮುಚ್ಚಿ ಅವನ ಭುಜಕ್ಕೆ ಒರಗಿದಳು.

"ನಿಧಾನವಾಗಿ ಹೇಳಿ... ನನಗೇನೂ ಅರ್ಜೆಂಟಿಲ್ಲ."