ಮೌನಕ್ಕೆ ಕನ್ನ

"ಕಳುವಾಗಿದೆ! ಹಾಡಹಗಲೇ ಕಳುವಾಗಿದೆ!"

ಸೌಂಡಿನವನು ಎಡಿಟಿಂಗ್ ಕೋಣೆಯಿಂದ ಓಡಿ ಬಂದು ರಂಗದ ನಟ್ಟನಡುವೆ ನಿಂತು ಕೂಗಿದ. ಹಳೆಯ ನಾಟಕಶಾಲೆಗೆ ಹೊಸದಾಗಿ ಹೊದಿಸಿದ್ದ ತಗಡಿನ ಮಾಡು ಅವನ ಕೂಗನ್ನು ಎರಡೆರಡು ಸಲ ಒದರಿತು.

"ಏನೋ ಕಳುವಾಗಿರೋದು?" ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕೂತಿದ್ದ ನಿರ್ದೇಶಕ ಕೇಳಿದ.

"ಮೌನ."

"ಏನು?"

"ಮೌನ ಸಾರ್, ಮೌನ! ಒಂದು ನಿಮಿಷದ್ದು!"

ನಿರ್ದೇಶಕ ನಕ್ಕ. ಪಿಟೀಲು ಮೇಷ್ಟ್ರು ಕಮಾನು ಕೆಳಗಿಟ್ಟು ನಕ್ಕರು. ಫೋಟೋದವಳು ನಗುತ್ತಲೇ ಸೌಂಡಿನವನ ಮುಖದ ಒಂದು ಫೋಟೋ ಹೊಡೆದುಕೊಂಡಳು. ಅವನ ಮೈಯೆಲ್ಲ ಉರಿದುಹೋಯಿತು. ಎರಡೂ ಕೈ ಹೆಣೆದು ಬೆರಳಿನ ನೆಟಿಗೆ ಮುರಿದ. ಸಿಟ್ಟು ಬಂದರೆ ಬಾಯಿಗಿಂತ ಮೊದಲು ಅವನ ಬೆರಳು ಮಾತಾಡುತ್ತಿದ್ದವು. ಸಿಟ್ಟು ಬಾರದ ಗಂಟೆಯೇ ಇರಲಿಲ್ಲ.

ಬರದೆ ಇನ್ನೇನು? ಕ್ಯಾಮೆರಾದವನು ಕೈಯೆತ್ತಿದರೆ ಇಡೀ ತಂಡ ಕಲ್ಲಾಗುತ್ತದೆ. ಸೌಂಡಿನವನು "ಒಂದು ನಿಮಿಷ ಸುಮ್ಮನಿರಿ" ಎಂದರೆ ಆಗಲೇ ಎಲ್ಲರಿಗೂ ಕೆಮ್ಮು, ಆಗಲೇ ಎಲ್ಲರಿಗೂ ಫೋನು. ಕಲಾವಿದರಂತೆ ಕಲಾವಿದರು!

ಒಂದೊಂದು ಕೋಣೆಗೂ ಅದರದೇ ಮೌನ ಇರುತ್ತದೆ. ಅಡುಗೆಮನೆಯ ಮೌನ ಬೇರೆ, ಆಸ್ಪತ್ರೆಯ ಮೌನ ಬೇರೆ. ಶೂಟಿಂಗಿನ ಕೊನೆಯ ದಿನ, ಹಂಚಿನ ಮಾಡು ಇನ್ನೂ ತಲೆಯ ಮೇಲಿದ್ದಾಗ, ಎಲ್ಲರನ್ನೂ ಗದರಿ ನಿಲ್ಲಿಸಿ ಅವನು ಈ ನಾಟಕಶಾಲೆಯ ಮೌನವನ್ನು ಒಂದು ಮೆಮೊರಿ ಕಾರ್ಡಿನಲ್ಲಿ ಹಿಡಿದಿದ್ದ. ಮಾರನೆಯ ದಿನವೇ ಹಂಚು ಇಳಿಯಿತು. ಈಗ ಪಾರಿವಾಳ ಕೂತರೂ ತಗಡು ಢಣ್ ಎನ್ನುತ್ತದೆ. ಆ ಮೌನ ಮತ್ತೆ ಹುಟ್ಟುವುದಿಲ್ಲ.

ಸಿನಿಮಾದ ಕೊನೆಯ ದೃಶ್ಯ ನೆನಪಾಗುತ್ತಲೇ ನಿರ್ದೇಶಕನ ನಗು ಆರಿತು. ಮುದಿ ನಟನೊಬ್ಬ ರಾಜನ ಕಿರೀಟ ತೆಗೆದಿಟ್ಟು ಬರಿದಾದ ರಂಗದ ಮೇಲೆ ಒಂದು ನಿಮಿಷ ಸುಮ್ಮನೆ ಕೂರುತ್ತಾನೆ. ಮಾತಿಲ್ಲ, ಸಂಗೀತವಿಲ್ಲ.

"ಕಾಪಿ ಇಲ್ವಾ?"

"ಕಂಪ್ಯೂಟರ್ ರಿಪೇರಿಯಿಂದ ಬಂದಿದ್ದೇ ಇವತ್ತು ಬೆಳಿಗ್ಗೆ. ಮಾತಿನ ಕಾರ್ಡುಗಳನ್ನೆಲ್ಲ ಮೊದಲು ಕಾಪಿ ಮಾಡ್ದೆ. ಇದು ಬರೀ ಮೌನ ತಾನೆ, ಯಾರು ಕದೀತಾರೆ ಅಂತ ಕೊನೆಗಿಟ್ಟೆ."

"ಸಿನಿಮಾ ನಾಲ್ಕು ಗಂಟೆಗೆ ಚಿತ್ರೋತ್ಸವದ ಆಯ್ಕೆ ಸಮಿತಿಗೆ ಹೋಗ್ಬೇಕು. ಮೂರೂವರೆವರೆಗೆ ನೋಡ್ತೀನಿ. ಸಿಗಲಿಲ್ಲ ಅಂದ್ರೆ ನನ್ನ ಭಾವಮೈದನ್ನ ಕರೀತೀನಿ. ಅವನ ಹತ್ರ ಎಲ್ಲ ಥರದ ಮೌನಾನೂ ರೆಡಿ ಇರುತ್ತೆ. ಟೈಟಲ್‌ನಲ್ಲಿ ಅವನ ಹೆಸರೇ ಹಾಕಿಸ್ತೀನಿ."

ಸೌಂಡಿನವನು ಎಂಟನೆಯ ತರಗತಿಗೆ ಶಾಲೆ ಬಿಟ್ಟು ಈ ಕೆಲಸಕ್ಕೆ ಬಿದ್ದವನು. ಐದು ಸಿನಿಮಾ ಮಾಡಿದ್ದ, ಒಂದರಲ್ಲೂ ಹೆಸರಿಲ್ಲ. ಪ್ರತಿಸಲವೂ ಅವನಮ್ಮ ಸಿನಿಮಾ ಮುಗಿದ ಮೇಲೂ ಎದ್ದೇಳದೆ, ಪರದೆಯ ಮೇಲೆ ಉರುಳುವ ಹೆಸರುಗಳನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿ, ದೀಪ ಹತ್ತಿದಾಗ ಕೇಳುತ್ತಿದ್ದಳು: "ಇದರಲ್ಲಿ ಎಲ್ಲೋ ನೀನು?"

"ಯಾವಾಗ ಹೋಯ್ತಪ್ಪಾ ಅದು?"

ದನಿ ಬಂದದ್ದು ಪಕ್ಕದ ಪರದೆಯ ಮರೆಯಿಂದ. ಅಲ್ಲಿ ಮೋಟು ಸ್ಟೂಲಿನ ಮೇಲೆ ಕೂತವಳು ಪ್ರಾಂಪ್ಟರ್ ಅಕ್ಕ. ಮೂವತ್ತು ವರ್ಷದಿಂದ ಅದೇ ಜಾಗದಲ್ಲಿ ಕೂತು, ರಂಗದ ಮೇಲೆ ಮಾತು ಮರೆತವರಿಗೆಲ್ಲ ಪಿಸುದನಿಯಲ್ಲಿ ಮಾತು ಎತ್ತಿಕೊಟ್ಟವಳು. ಪ್ರೇಕ್ಷಕರು ಅವಳ ಮುಖವನ್ನು ಒಮ್ಮೆಯೂ ಕಂಡಿರಲಿಲ್ಲ.

"ಹತ್ತು ಗಂಟೆಗೆ ಇತ್ತು ಅಕ್ಕಾ. ಆಮೇಲೆ ಎಲ್ರಿಗೂ ಕಾಫಿ ಮಾಡೋಕೆ ಹೋದೆ — ಇಲ್ಲಿ ಅದೂ ಸೌಂಡಿನ ಕೆಲಸವೇ! ಹತ್ತೂವರೆಗೆ ಬಂದು ನೋಡಿದ್ರೆ ಕಾರ್ಡಿನ ಡಬ್ಬಿ ಖಾಲಿ. ಎಲ್ಲೋ ಬಿದ್ದಿರಬೇಕು ಅಂತ ಮಧ್ಯಾಹ್ನದವರೆಗೂ ಹುಡುಕಿದೆ."

"ಕಾಫಿಗೆ ಅರ್ಧ ಗಂಟೆಯಾ?"

"ಮಹಾರಾಜರನ್ನ ಸಕ್ಕರೆ ಹಾಕ್ಲಾ ಅಂತ ಕೇಳಿದ್ದೆ."

ಎಲ್ಲರಿಗೂ ಅರ್ಥವಾಯಿತು. ರಾಜನ ಪಾತ್ರದ ಹಿರಿಯ ನಟರನ್ನು ಹೊರಗೂ ಒಳಗೂ ಮಹಾರಾಜರೆಂದೇ ಕರೆಯುತ್ತಿದ್ದರು. ಏನು ಕೇಳಿದರೂ ಅವರು ಮೊದಲು ಕಿಟಕಿಯತ್ತ ತಿರುಗಿ, ಉದ್ದಕ್ಕೆ ಉಸಿರೆಳೆದು, ಎದುರಿನವರ ಜೀವ ಅರ್ಧ ಹೋದ ಮೇಲೆ ಉತ್ತರ ಕೊಡುತ್ತಿದ್ದರು. ಅಂದು "ಅರ್ಧ ಚಮಚ" ಎಂಬ ಎರಡು ಮಾತು ಹೊರಬರುವಷ್ಟರಲ್ಲಿ ಕಾಫಿಗೆ ಕೆನೆ ಕಟ್ಟಿತ್ತು.

"ನಿನ್ನೆ ನೀನು ಎಲ್ರ ಮುಂದೆ ಏನೋ ಕೂಗಾಡಿದ್ಯಲ್ಲ?" ಅಕ್ಕ ಕೇಳಿದಳು.

"ಕೂಗಾಡದೆ? ರೆಕಾರ್ಡರಿನಲ್ಲಿ ಹಾಕಿ ಕೇಳಿದ್ರೆ ಆ ಮೌನದ ಮಧ್ಯೆ ಯಾವನೋ ಟಿಕ್ ಅನ್ನಿಸಿದ್ದಾನೆ. ನಾಳೆ ದೊಡ್ಡ ಸ್ಪೀಕರಿಗೆ ಹಾಕಿ, ಯಾರದು ಅಂತ ಕಂಡುಹಿಡಿದು ಮಾನ ಹರಾಜು ಹಾಕ್ತೀನಿ ಅಂದಿದ್ದೆ."

"ಕತ್ತರಿಸಿ ಬಿಸಾಕಿದ್ರೆ ಆಗ್ತಿರಲಿಲ್ವಾ?"

"ಆಗ್ತಿತ್ತು. ಆದ್ರೆ ಯಾರದು ಅಂತ ಗೊತ್ತಾಗ್ಬೇಡ್ವಾ?"

ಅಕ್ಕ ಅವನನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು, ನಾಟಕದ ನೋಟುಪುಸ್ತಕದ ಖಾಲಿ ಹಾಳೆ ತಿರುವಿದಳು. ಮುಂಬಾಗಿಲಲ್ಲಿ ಬಡಗಿ ಬೆಳಿಗ್ಗೆಯಿಂದ ಚೌಕಟ್ಟು ಕೂರಿಸುತ್ತಿದ್ದ. ಯಾರೂ ಹೊರಗೆ ಹೋಗಿಲ್ಲ ಎಂದು ಆಣೆ ಮಾಡಿದ. ಹಾಗಾದರೆ ಕಳ್ಳ ಒಳಗೇ ಇದ್ದಾನೆ. ಉಳಿದವರು ನಾಲ್ವರು.

ಮೊದಲು ಪಿಟೀಲು ಮೇಷ್ಟ್ರು.

"ಮೇಷ್ಟ್ರೇ, ಕಾಫಿ ಹೊತ್ತಿನಲ್ಲಿ ಎಲ್ಲಿದ್ರಿ?"

"ಇಲ್ಲೇ... ತಂತಿ ಬಿಗೀತಾ ಇದ್ದೆ."

"ಕೊನೆ ದೃಶ್ಯಕ್ಕೆ ನಿಮ್ಮ ಸಂಗೀತ ಬೇಡ ಅಂದಿದ್ದು ನಿಮಗೆ ಬೇಜಾರಲ್ವಾ?" ಸೌಂಡಿನವನು ನಡುವೆ ಬಾಯಿ ಹಾಕಿದ. "ಮೌನ ಹೋದ್ರೆ ಅಲ್ಲಿ ಪಿಟೀಲು ತುರುಕಬಹುದು!"

"ತುರುಕೋಕೆ ಅದೇನು ಹಾಸಿಗೆಗೆ ಹತ್ತಿಯೇನೋ?" ಮೇಷ್ಟ್ರು ಕೆಂಡವಾದರು. ಮರುಗಳಿಗೆಯೇ ಕುಗ್ಗಿದರು. "ಆದ್ರೆ... ಆ ಟಿಕ್ ಇದ್ಯಲ್ಲ... ಅದು ನನ್ನದೇ ಕಣಮ್ಮ. ನನ್ನ ಕೈ ಸುಮ್ಮನಿರಲ್ಲ. ಉಂಗುರದಲ್ಲಿ ಕುರ್ಚಿಗೆ ಒಂದೇ ಒಂದು ತಾಳ ಹಾಕ್ಬಿಟ್ಟೆ."

ಸೌಂಡಿನವನು ಹಲ್ಲು ಕಡಿದ. ಅಕ್ಕ ಏನೋ ಬರೆದುಕೊಂಡಳು.

ಫೋಟೋದವಳು ಕೂರುವ ಮೊದಲೇ ಕಣ್ಣು ಒರೆಸಿಕೊಂಡಳು. "ಅಕ್ಕಾ... ಆ ಟಿಕ್ ನನ್ನದು. ಅಷ್ಟು ಜನ ಒಟ್ಟಿಗೆ ಸುಮ್ಮನೆ ನಿಂತಿದ್ದನ್ನ ನಾನು ಜನ್ಮದಲ್ಲಿ ನೋಡಿರ್ಲಿಲ್ಲ. ಕೈ ತಡೀಲಿಲ್ಲ. ಒಂದು ಫೋಟೋ ಹೊಡ್ದೆ. ಆದ್ರೆ ಕಾರ್ಡ್ ನಾನು ಮುಟ್ಟಿಲ್ಲ."

ನಿರ್ದೇಶಕ ಸುತ್ತ ನೋಡಿ ದನಿ ತಗ್ಗಿಸಿದ. "ಅಕ್ಕಾ, ಇವನಿಗೆ ಹೇಳ್ಬೇಡಿ... ಆಗ ಜೇಬಲ್ಲಿ ಪೆನ್ನಿನ ಗುಂಡಿ ಒತ್ತಿದ ಹಾಗೆ ನೆನಪು."

"ಇವನು ಇಲ್ಲೇ ನಿಂತಿದ್ದಾನೆ ಸಾರ್!" ಸೌಂಡಿನವನು ಕಿರುಚಿದ. ಒಂದು ಟಿಕ್ಕಿಗೆ ಮೂವರು ತಂದೆಯರು! ಒಂದೇ ಒಂದು ನಿಮಿಷ ಸುಮ್ಮನಿರಿ ಎಂದು ಕೈಮುಗಿದು ಕೇಳಿದ್ದಕ್ಕೆ ಇವರು ಮಾಡಿದ್ದು ಇದು!

ಕೊನೆಗೆ ಮಹಾರಾಜರು ಬಂದರು. ಶಾಲು ಹೊದ್ದಿದ್ದರು. ಊರಿನ ಗೋಡೆಗಳ ಮೇಲೆಲ್ಲ ಪೋಸ್ಟರಿನಲ್ಲಿ ಮಿಂಚುವ ಆ ಮುತ್ತಿನ ಹಲ್ಲು ತೋರಿಸಿ ನಕ್ಕರು.

"ಅಣ್ಣಾ, ಹತ್ತರಿಂದ ಹತ್ತೂವರೆ..."

"ಮೇಕಪ್ ಕೋಣೆಯಲ್ಲಿ ಒಬ್ಬನೇ ಕೂತು ನಾಟಕದ ಮಾತು ಬಾಯಿಪಾಠ ಮಾಡ್ತಿದ್ದೆ, ಇವನು ಕಾಫಿ ಕೊಟ್ಟು ಹೋದ ಮೇಲೆ ಎಲ್ಲಿಗೂ ಹೋಗ್ಲಿಲ್ಲ, ಯಾರನ್ನೂ ನೋಡ್ಲಿಲ್ಲ."

"ಆ ದಿನ ರೆಕಾರ್ಡಿಂಗಿನಲ್ಲಿ..."

"ಕಲ್ಲಿನ ಹಾಗೆ ಕೂತಿದ್ದೆ. ಉಸಿರೂ ಬಿಡಲಿಲ್ಲ."

ಸೌಂಡಿನವನಿಗೆ ಸಮಾಧಾನವಾಯಿತು. ಅಬ್ಬಾ, ಒಬ್ಬರಾದರೂ ನೆಟ್ಟಗೆ ಮಾತಾಡಿದರು! ಅಕ್ಕ ಮಾತ್ರ ಪೆನ್ಸಿಲನ್ನು ಹಾಳೆಯ ಮೇಲೆ ಎತ್ತಿ ಹಿಡಿದು ಕಾದಳು. ಗೆರೆ ಎಳೆಯಲಿಲ್ಲ. ಮತ್ತೆ ಕಿವಿಗೆ ಸಿಕ್ಕಿಸಿಕೊಂಡಳು.

ಗಡಿಯಾರ ಮೂರೂಕಾಲು ತೋರಿಸುತ್ತಿತ್ತು. ನಿರ್ದೇಶಕ ಭಾವಮೈದನಿಗೆ ಫೋನು ಹಚ್ಚಲು ಕೈ ಹಾಕಿದ್ದ.

"ಎಲ್ರೂ ಬನ್ನಿ," ಅಕ್ಕ ಕರೆದಳು. "ಕಳ್ಳ ಸಿಕ್ಕಿದ್ದಾನೆ."

"ಯಾರು?" ನಾಲ್ಕು ದನಿ ಒಟ್ಟಿಗೆ.

ಅಕ್ಕ ನೋಟುಪುಸ್ತಕ ಬಿಡಿಸಿ ಹಿಡಿದಳು. "ಯಾರು ಎಲ್ಲಿ ತಡೆದು ನಿಲ್ತಾರೋ ಅಲ್ಲೊಂದು ಓರೆಗೆರೆ ಹಾಕೋದು ನನ್ನ ಪದ್ಧತಿ. ಅಭಿನಯಕ್ಕೆ ನಿಂತಿದ್ದಾರಾ, ಮರೆತು ನಿಂತಿದ್ದಾರಾ — ಅದು ತಿಳೀದೆ ಹೋದ್ರೆ ಪ್ರಾಂಪ್ಟರ್ ಕೆಲಸ ಕೆಟ್ಟಿತು. ನೋಡಿ, ಮೇಷ್ಟ್ರ ಮಾತಿನ ತುಂಬ ಗೆರೆ. ಫೋಟೋದವಳದು ಗೆರೆಯೋ ಗೆರೆ. ನಿರ್ದೇಶಕರದೂ ಅಷ್ಟೆ. ತಪ್ಪು ಮಾಡಿ ಹೆದರಿದವರು ತಡವರಿಸ್ತಾರೆ. ಆದ್ರೆ ಈ ಪುಟ?"

ಪುಟದಲ್ಲಿ ಒಂದು ಗೆರೆಯೂ ಇರಲಿಲ್ಲ.

"ಸಕ್ಕರೆ ಎಷ್ಟು ಅನ್ನೋಕೆ ಕಾಫಿ ಆರಿಸೋ ಮನುಷ್ಯ, ಇವತ್ತು ನನ್ನ ಪ್ರಶ್ನೆ ಮುಗಿಯೋ ಮೊದಲೇ ಗಡಗಡ ಒಪ್ಪಿಸಿಬಿಟ್ರು. ಬಾಯಿಪಾಠ ಮಾಡಿದ್ದು ನಿಜವೇ — ಆದ್ರೆ ನಾಟಕದ ಮಾತಲ್ಲ. ಇಲ್ಲಿ ಎರಡು ಮೌನ ಕಳುವಾಗಿತ್ತು. ಒಂದು ಸೌಂಡಿನವನ ಡಬ್ಬಿಯಿಂದ. ಇನ್ನೊಂದು ಅಣ್ಣನ ಮಾತಿನಿಂದ."

ಎಲ್ಲರೂ ಮಹಾರಾಜರತ್ತ ತಿರುಗಿದರು.

ಈಗ ಬಂತು ಆ ಮೌನ. ಮಹಾರಾಜರು ಕಿಟಕಿಯತ್ತ ತಿರುಗಿದರು. ಉಸಿರೆಳೆದರು. ಬಾಯಿ ತೆರೆದರು, ಮುಚ್ಚಿದರು. ಹಣೆಯಲ್ಲಿ ಬೆವರು ಸಾಲುಗಟ್ಟಿತು. ಇದು ಅಭಿನಯವಲ್ಲ, ಮಾತು ಸಿಕ್ಕದ ಮೌನ ಎಂದು ಸೌಂಡಿನವನಿಗೂ ತಿಳಿಯಿತು.

ಅಕ್ಕ ಮೂವತ್ತು ವರ್ಷದ ಅಭ್ಯಾಸದಂತೆ ಪಿಸುಗುಟ್ಟಿದಳು: "ನಾನೇ ತೆಗೆದೆ."

"ನಾನೇ... ತೆಗೆದೆ," ಎಂದರು ಮಹಾರಾಜರು.

ಶಾಲಿನೊಳಗಿಂದ ಒಂದು ದುಂಡನೆಯ ಪ್ಲಾಸ್ಟಿಕ್ ಡಬ್ಬಿ ಹೊರಬಂತು. ರಾತ್ರಿ ಹಲ್ಲಿನ ಸೆಟ್ಟು ನೆನೆಹಾಕುವ ಡಬ್ಬಿ. ಅದರೊಳಗೆ, ಬಟ್ಟೆಯಲ್ಲಿ ಸುತ್ತಿದ ಕಾರ್ಡು.

"ಈ ಹಾಳು ಹಲ್ಲು ಸಡಿಲ ಆಗಿದೆ ಕಣಯ್ಯಾ," ಅವರು ಸೌಂಡಿನವನ ಮುಖ ನೋಡದೆ ಹೇಳಿದರು. "ಆ ಟಿಕ್ ಇದರದೇ ಅಂತ ಹೆದರಿ, ನೀನು ಉಳಿದವರಿಗೆ ಕಾಫಿ ಹಂಚ್ತಿದ್ದಾಗ ತೆಗೆದೆ. ಸ್ಪೀಕರಿಗೆ ಹಾಕಿದ್ರೆ ನನ್ನ ಹಲ್ಲು ಕಟ್ಟಿಸಿದ್ದು ಅಂತ ಜಗತ್ತಿಗೇ..."

"ಅಯ್ಯೋ, ಅದು ಹನ್ನೆರಡು ವರ್ಷದಿಂದ ಎಲ್ರಿಗೂ ಗೊತ್ತು ಮಹಾರಾಜ್ರೇ," ಅಂದಳು ಫೋಟೋದವಳು. "ಪೋಸ್ಟರಿನಲ್ಲಿ ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಬಣ್ಣ ಹೊಂದಿಸೋಷ್ಟರಲ್ಲಿ ನನ್ನ ಕಣ್ಣೇ ಹೋಗುತ್ತೆ."

ಸೌಂಡಿನವನಿಗೆ ಈಗಲಾದರೂ ಎಲ್ಲರ ಮಾನ ಹರಾಜು ಹಾಕಬೇಕಿತ್ತು. ಕಾರ್ಡು ಸಿಕ್ಕಿಸಿ ದೊಡ್ಡ ಸ್ಪೀಕರಿನ ದನಿ ಪೂರ್ತಿ ಏರಿಸಿದ. ಹಂಚಿನ ಮಾಡಿನ ಆ ಹಳೆಯ ಮೌನ ತಣ್ಣಗೆ ಹರಿದು ಬಂತು. ಹತ್ತು ಸೆಕೆಂಡು. ಇಪ್ಪತ್ತು. ಮೂವತ್ತು.

ಟಿಕ್.

"ಇದು ಕ್ಯಾಮೆರಾ ಸದ್ದಲ್ಲ," ಅಂದಳು ಫೋಟೋದವಳು.

"ಉಂಗುರದ್ದೂ ಅಲ್ಲ. ಇದು ಒಣಕಲು ಸದ್ದು," ಅಂದರು ಮೇಷ್ಟ್ರು.

"ಪೆನ್ನೂ ಅಲ್ಲ."

"ಹಲ್ಲೂ ಅಲ್ಲ!" ಮಹಾರಾಜರು ಒಂದಿಷ್ಟೂ ತಡೆಯದೆ ಕೂಗಿದರು.

"ಮತ್ತೆ ಯಾವ ಬೇಜವಾಬ್ದಾರಿ ಮನುಷ್ಯಂದ್ರೀ ಇದು?" ಸೌಂಡಿನವನು ಕೂಗಿದ. ಕೂಗುತ್ತಲೇ ಎರಡೂ ಕೈ ಹೆಣೆದು ನೆಟಿಗೆ ಮುರಿದ.

ಟಿಕ್.

ಎಲ್ಲರೂ ಅವನ ಬೆರಳನ್ನೇ ನೋಡುತ್ತಿದ್ದರು. ಅವನೂ ನೋಡಿಕೊಂಡ. ಎಷ್ಟು ಹೇಳಿದರೂ ಇವರು ಸುಮ್ಮನಿರುವುದಿಲ್ಲವಲ್ಲ ಎಂದು ಅಂದು ಮೈಕಿನ ಪಕ್ಕದಲ್ಲೇ ನಿಂತು ಕುದಿಯುತ್ತಿದ್ದದ್ದು ನೆನಪಾಯಿತು. ಜೀವಮಾನದಲ್ಲಿ ಮೊದಲ ಸಲ ಸಿಟ್ಟು ಮಾಡಲು ಅವನಿಗೆ ಯಾರೂ ಸಿಗಲಿಲ್ಲ.

ಮೊದಲು ನಕ್ಕವರು ಮಹಾರಾಜರು. ಹಲ್ಲು ಜಾರದಂತೆ ಅಂಗೈ ಅಡ್ಡ ಹಿಡಿದು ನಕ್ಕರು.

"ಕತ್ತರಿಸಿಬಿಡ್ತೀನಿ," ಅವನು ನೆಲ ನೋಡುತ್ತ ಹೇಳಿದ.

"ಬೇಡ, ಇರಲಿ ಬಿಡು," ಅಂದರು ಮಹಾರಾಜರು. "ರಾಜನ ಎದೆಯೊಳಗೆ ಏನೋ ಮುರೀತು ಅಂತ ಜನ ಅಂದ್ಕೋತಾರೆ. ಹೊಗಳಿಕೆ ಹೇಗೂ ನನಗೇ ಬರುತ್ತೆ."

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಮೌನ ತನ್ನ ಜಾಗಕ್ಕೆ ಹೋಗಿ ಕೂತಿತು, ಟಿಕ್ಕಿನ ಸಮೇತ. ನಿರ್ದೇಶಕ ಟೈಟಲ್ ಕಾರ್ಡ್ ತೆರೆದು, ‘ಶಬ್ದಗ್ರಹಣ’ ಎಂದು ಟೈಪು ಹೊಡೆದು, ತಲೆಯೆತ್ತಿದ.

"ಲೋ ಸೌಂಡು, ನಿನ್ನ ಹೆಸರೇನೋ?"

ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಅವನು ಬಾಯಿ ತೆರೆದ. ಮಾತೇ ಹೊರಡಲಿಲ್ಲ.

ಪರದೆಯ ಮರೆಯಿಂದ, ಅವನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ, ಅಕ್ಕ ಅವನ ಹೆಸರನ್ನು ಎತ್ತಿಕೊಟ್ಟಳು.